ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್: ಎಬೆರಾನ್‌ನಲ್ಲಿ ಆಡಿಸಲು ಎಷ್ಟು ಯೋಗ್ಯ?

ಮೇಜಿನ ಸುತ್ತ ಕೂತು, ಪಾತ್ರ ವಹಿಸಿ, ದಾಳ ಹಾಕಿ ಆಡುವ ಕಥೆಯಾಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅದರ ಐದನೇ ಆವೃತ್ತಿಯ ಮೊದಲ ಸ್ಟಾರ್ಟರ್ ಸೆಟ್ 2014ರಲ್ಲಿ ಬಂತು. ಆ ಡಬ್ಬಿಯಲ್ಲಿದ್ದ 64 ಪುಟದ ಪುಸ್ತಿಕೆಯೇ ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್. ಪಾತ್ರಗಳ ಬಲ ಅಳೆಯುವ ಲೆವೆಲ್‌ಗಳಲ್ಲಿ ಒಂದರಿಂದ ಐದರವರೆಗೆ ನಾಲ್ಕು ಭಾಗಗಳಲ್ಲಿ ಸಾಗುವ ಕಥೆ ಅದು. ದಾರಿಯಲ್ಲಿ ಗಾಬ್ಲಿನ್‌ಗಳ ಹೊಂಚುದಾಳಿ, ಫ್ಯಾಂಡಲಿನ್ ಎಂಬ ಸಣ್ಣ ಊರು, ಸುತ್ತಲಿನ ಕಾಡುಮೇಡಿನ ಅಲೆದಾಟ, ಕೊನೆಗೆ ವೇವ್ ಎಕೋ ಎಂಬ ಗಣಿ. ಇದರ ಮೂಲ ನೆಲೆ ಫರ್ಗಾಟನ್ ರೆಲ್ಮ್ಸ್ ಎಂಬ ಕಾಲ್ಪನಿಕ ಲೋಕ. ಈ ವಿಮರ್ಶೆ ನೋಡುವುದು ಒಂದೇ ವಿಷಯವನ್ನು: ಈಗಾಗಲೇ ಎಬೆರಾನ್ ಎಂಬ ಇನ್ನೊಂದು ಲೋಕದಲ್ಲಿ ಕ್ಯಾಂಪೇನ್, ಅಂದರೆ ಸರಣಿ ಆಟ ನಡೆಸುತ್ತಿರುವ ಡಿಎಂ (ಆಟ ನಡೆಸಿಕೊಡುವ ಡಂಜನ್ ಮಾಸ್ಟರ್) ಒಬ್ಬರಿಗೆ ಈ ಪುಸ್ತಿಕೆ ಎಷ್ಟು ದಕ್ಕುತ್ತದೆ, ಎಲ್ಲಿ ಕೈ ಕೊಡುತ್ತದೆ?

ಮೊದಲೇ ಹೇಳಿಬಿಡುವುದಾದರೆ, ಚೆನ್ನಾಗಿಯೇ ದಕ್ಕುತ್ತದೆ. ಆದರೆ ಹೆಸರು ಬದಲಾಯಿಸಿದರೆ ಮುಗಿಯಿತು ಎಂದುಕೊಂಡವರಿಗೆ ದಕ್ಕುವುದಿಲ್ಲ. ನೆವರ್‌ವಿಂಟರ್ ನಗರದ ಬದಲು ಷಾರ್ನ್, ಟೈಮೋರಾ ದೇವತೆಯ ಬದಲು ಒಲಾಡ್ರಾ ಎಂದು ಪೆನ್ಸಿಲ್‌ನಲ್ಲಿ ತಿದ್ದಿಕೊಂಡು ಕೂತರೆ ಎರಡನೇ ಸೆಷನ್ ಹೊತ್ತಿಗೆ ಆಟಗಾರರ ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ. ಬದಲಾಯಿಸಬೇಕಾದದ್ದು ಪ್ರತಿ ಪಾತ್ರದ ಉದ್ದೇಶವನ್ನು. ಯಾರು ಯಾರಿಗೆ ದುಡ್ಡು ಕೊಡುತ್ತಿದ್ದಾರೆ, ಯಾಕೆ ಕೊಡುತ್ತಿದ್ದಾರೆ ಎಂಬುದನ್ನು ಹೊಸ ಲೋಕದ ಲೆಕ್ಕದಲ್ಲಿ ಮತ್ತೆ ಕಟ್ಟಬೇಕು. ಅದೃಷ್ಟಕ್ಕೆ ಈ ಅಡ್ವೆಂಚರ್‌ನ ಎಲುಬುಗೂಡು ಅಷ್ಟು ಗಟ್ಟಿಯಾಗಿದೆ. ಒಂದು ಗಣಿ, ಅದರ ನಕ್ಷೆ, ಅದು ಬೇಕಾದ ಹತ್ತು ಜನ. ಈ ಮೂರು ಎಲ್ಲಿಗೆ ಒಯ್ದರೂ ನಿಲ್ಲುತ್ತವೆ.

ಎಬೆರಾನ್ ಪರಿಚಯವಿಲ್ಲದವರಿಗೆ ಎರಡು ಮಾತು. ಕೀತ್ ಬೇಕರ್ ರೂಪಿಸಿದ ಈ ಲೋಕದ ಮೊದಲ ಪುಸ್ತಕ 2004ರಲ್ಲಿ ಬಂತು. ಐದನೇ ಆವೃತ್ತಿಗೆ ರೈಸಿಂಗ್ ಫ್ರಮ್ ದ ಲಾಸ್ಟ್ ವಾರ್ 2019ರಲ್ಲಿ ಬಂತು. ಕಥೆಯ ವರ್ತಮಾನ ಆ ಲೋಕದ ಶಕೆಯಲ್ಲಿ 998 ವೈಕೆ. ನೂರು ವರ್ಷ ಮೀರಿದ ಮಹಾಯುದ್ಧ 996ರ ಥ್ರೋನ್‌ಹೋಲ್ಡ್ ಒಪ್ಪಂದದಲ್ಲಿ ಮುಗಿದು ಎರಡೇ ವರ್ಷವಾಗಿದೆ. 994ರಲ್ಲಿ ಸೈರ್ ಎಂಬ ದೇಶ ಒಂದೇ ದಿನದಲ್ಲಿ ಬೂದಿ ಮಂಜಿನ ಮೌರ್ನ್‌ಲ್ಯಾಂಡ್ ಆಯಿತು. ಸಣ್ಣಪುಟ್ಟ ಮಾಂತ್ರಿಕತೆ ಬೀದಿಬೀದಿಯಲ್ಲೂ ಸಿಗುತ್ತದೆ. ವ್ಯಾಪಾರವೆಲ್ಲ ಡ್ರ್ಯಾಗನ್‌ಮಾರ್ಕ್ ಎಂಬ ಮಾಂತ್ರಿಕ ಗುರುತು ಹೊತ್ತ ಮನೆತನಗಳ ಕೈಯಲ್ಲಿದೆ.

ಊರನ್ನು ಎಲ್ಲಿಡುವುದು ಎಂಬುದೇ ಮೊದಲ ತೀರ್ಮಾನ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಬ್ರೆಲಾಂಡ್ ದೇಶದ ಪೂರ್ವದಂಚಿನಲ್ಲಿ, ಸೀವಾಲ್ ಪರ್ವತಗಳ ಬುಡದಲ್ಲಿ ಇಡುವುದು ಎಲ್ಲಕ್ಕಿಂತ ಸರಿ. ಪರ್ವತದ ಆಚೆ ಡಾರ್ಗೂನ್, ಗಾಬ್ಲಿನ್‌ಗಳ ಸ್ವಂತ ದೇಶ. ದಕ್ಷಿಣಕ್ಕೆ ನೋಮ್‌ಗಳ ಜಿಲಾರ್ಗೊ. ಮಾರ್ಗೂಲ್ ಕಣಿವೆಯನ್ನು ಕಾಯುವ ಸ್ಟರ್ನ್‌ಗೇಟ್ ಕೋಟೆಯಿಂದ, ಆಟಗಾರರು ಕಾಯಬೇಕಾದ ಸಾಮಾನಿನ ಗಾಡಿ ಹೊರಡಿಸಿದರೆ ಮೂಲದ ನೆವರ್‌ವಿಂಟರ್‌ನ ಜಾಗ ತುಂಬಿತು. ಮೂಲದಲ್ಲಿ ಗಣಿಯನ್ನು ನಡೆಸುತ್ತಿದ್ದದ್ದು ಕುಬ್ಜರು ಮತ್ತು ನೋಮ್‌ಗಳ ಒಪ್ಪಂದ. ಜಿಲಾರ್ಗೊ ಪಕ್ಕದಲ್ಲೇ ಇರುವುದರಿಂದ ಅದನ್ನು ಮುಟ್ಟಬೇಕಾಗಿಯೇ ಇಲ್ಲ. ಇನ್ನೂ ಖುಷಿಯ ಸಂಗತಿಯೆಂದರೆ ದಾರಿಯಲ್ಲಿ ಹೊಂಚು ಹಾಕುವ ಕ್ರ್ಯಾಗ್‌ಮಾ ಪಂಗಡ. ಅದರ ರಾಜ ಗ್ರೋಲ್, ಗುಹೆಯ ನಾಯಕ ಕ್ಲಾರ್ಗ್ ಇಬ್ಬರೂ ಬಗ್‌ಬೇರ್‌ಗಳು, ಗಾಬ್ಲಿನ್‌ಗಳ ದೊಡ್ಡ ಗಾತ್ರದ ಬಳಗ. ಎಬೆರಾನ್‌ನಲ್ಲಿ ಸೀವಾಲ್ ಬೆಟ್ಟಗಳಲ್ಲಿ ಬಗ್‌ಬೇರ್‌ಗಳೇ ಆಳುವ ಮಾರ್ಗೂಲ್ ಪಂಗಡಗಳಿವೆ. ಡಾರ್ಗೂನ್‌ನ ಹಾಬ್‌ಗಾಬ್ಲಿನ್ ದೊರೆ ಹರೂಕ್‌ನ ಮಾತು ಅವರ ಮೇಲೆ ಪೂರ್ತಿ ನಡೆಯುವುದಿಲ್ಲ. ಹೀಗಾಗಿ ಕ್ರ್ಯಾಗ್‌ಮಾ ಅಲ್ಲಿ ಸಲೀಸಾಗಿ ಕೂರುತ್ತದೆ.

ಇಲ್ಲೇ ದೊಡ್ಡ ತೊಡಕೊಂದು ಎದುರಾಗುತ್ತದೆ. ಪುಸ್ತಿಕೆಯ ಪ್ರಕಾರ ಗಣಿ ಹಾಳಾಗಿದ್ದು ಐನೂರು ವರ್ಷದ ಹಿಂದೆ, ಓರ್ಕ್ ದಂಡಿನಿಂದ. ಎಬೆರಾನ್‌ನಲ್ಲಿ ಐನೂರು ವರ್ಷದ ಹಿಂದೆ ಈ ನೆಲವೆಲ್ಲ ಗ್ಯಾಲಿಫರ್ ಎಂಬ ಒಂದೇ ಸಾಮ್ರಾಜ್ಯದ ಅಡಿಯಲ್ಲಿತ್ತು. ಅಂಥ ಸಮಯದಲ್ಲಿ ಅಮೂಲ್ಯ ಗಣಿಯೊಂದು ಕಳೆದುಹೋಗಿ ಯಾರೂ ಹುಡುಕಲಿಲ್ಲ ಎಂದರೆ ಆ ಚರಿತ್ರೆ ಬಲ್ಲ ಆಟಗಾರ ನಂಬುವುದಿಲ್ಲ. ಪರಿಹಾರ ಎಬೆರಾನ್‌ನ ಇತಿಹಾಸದಲ್ಲೇ ಇದೆ. ಗಣಿಯ ಪತನವನ್ನು 969ಕ್ಕೆ ಎಳೆಯಿರಿ. ಹರೂಕ್ ಸೈರ್‌ನ ದಕ್ಷಿಣ ಭಾಗವನ್ನು ಕಿತ್ತುಕೊಂಡು ಡಾರ್ಗೂನ್ ಕಟ್ಟಿದ್ದು ಆ ವರ್ಷ. ದಂಗೆಯಲ್ಲಿ ಗಣಿ ಬಿತ್ತು, ಬಾಯಿ ಕುಸಿಯಿತು, ಒಳಗಿದ್ದವರೆಲ್ಲ ಸತ್ತರು. ಬರೀ 29 ವರ್ಷದಲ್ಲಿ ಜಾಗ ಮರೆತುಹೋಯಿತೇ ಎಂದು ಕೇಳಿದರೆ ಉತ್ತರ 994ರಲ್ಲಿದೆ: ಗಣಿಯ ದಾಖಲೆಗಳಿದ್ದದ್ದು ಸೈರ್‌ನಲ್ಲಿ, ಸೈರ್ ಜೊತೆಗೇ ಅವೂ ಹೋದವು. ಆಟಗಾರರನ್ನು ನೇಮಿಸುವ ಕುಬ್ಜ ಗಂಡ್ರನ್ ರಾಕ್‌ಸೀಕರ್ ಮತ್ತು ಅವನ ಸೋದರರ ಕೈಯಲ್ಲಿರುವ ನಕ್ಷೆ ಉಳಿದಿರುವ ಒಂದೇ ಪ್ರತಿ. ಗಂಡ್ರನ್‌ನ ಅಪ್ಪ ಆ ಗಣಿಯಲ್ಲಿ ದುಡಿದವನು ಎಂದಿಟ್ಟರೆ ಐನೂರು ವರ್ಷದ ದಂತಕಥೆಗಿಂತ ಹೆಚ್ಚು ನಾಟುತ್ತದೆ. ಗಣಿಯೊಳಗೆ ಕಾವಲಿರುವ ಸ್ಪೆಕ್ಟೇಟರ್ ಎಂಬ ಜೀವಿಗೂ ಈ ಲೆಕ್ಕ ಕೂಡಿಬರುತ್ತದೆ. ಆಟದ ಪ್ರಾಣಿಕೋಶವಾದ ಮಾನ್ಸ್‌ಟರ್ ಮ್ಯಾನ್ಯುಯಲ್ ಪ್ರಕಾರ ಕರೆಸಿಕೊಂಡ ಸ್ಪೆಕ್ಟೇಟರ್ ಕಾವಲು ಕಾಯುವುದು 101 ವರ್ಷ.

ಈ ಒಂದು ಬದಲಾವಣೆಯಿಂದ ಸಿಗುವ ಇನ್ನೊಂದು ಲಾಭ ದೊಡ್ಡದು. ಗಣಿ ಈಗ ಬೆಟ್ಟದ ಆಚೆ, ಥ್ರೋನ್‌ಹೋಲ್ಡ್ ಒಪ್ಪಂದ ಮಾನ್ಯ ಮಾಡಿದ ಡಾರ್ಗೂನ್ ನೆಲದಲ್ಲಿದೆ. ಅದು ಯಾರ ಸೊತ್ತು ಎಂಬ ಪ್ರಶ್ನೆ ಮೂಲದಲ್ಲಿ ಏಳುವುದೇ ಇಲ್ಲ. ಇಲ್ಲಿ ಅದೇ ಕೊನೆಯ ಭಾಗದ ತಿರುಳಾಗುತ್ತದೆ.

ನಂತರದ ಕೆಲಸ ಸಂಪರ್ಕದ ದಾರಿಗಳನ್ನು ಮುಚ್ಚುವುದು. ಎಬೆರಾನ್ ಆಡಿ ಗೊತ್ತಿರುವವರು ಸೆಷನ್ ಶುರುವಾಗುತ್ತಲೇ ಕೇಳುತ್ತಾರೆ: ಸಾಮಾನು ಸಾಗಿಸಲು ಒರಿಯನ್ ಮನೆತನ ಇರುವಾಗ ನಮ್ಮನ್ನು ಯಾಕೆ ಕರೆದರು? ಗಂಡ್ರನ್ ಕಾಣೆಯಾದ ಮೇಲೆ ಸಿವಿಸ್ ಮನೆತನದ ಕೇಂದ್ರದಿಂದ ಸಂದೇಶ ಕಳಿಸಿದರೆ ಸೈನ್ಯ ಬರುವುದಿಲ್ಲವೇ? ಎರಡಕ್ಕೂ ಮೊದಲೇ ಉತ್ತರ ಬರೆದಿಡಿ. ಫ್ಯಾಂಡಲಿನ್‌ಗೆ ಲೈಟ್ನಿಂಗ್ ರೈಲ್ ಎಂಬ ಮಾಂತ್ರಿಕ ರೈಲು ಇಲ್ಲ, ಸಿವಿಸ್ ಕೇಂದ್ರವಿಲ್ಲ. ಅದು ಸೈರ್ ನಿರಾಶ್ರಿತರು ಹಳೆ ಪಾಳುಮನೆಗಳ ಮೇಲೆ ಕಟ್ಟಿಕೊಂಡ ಊರು. ಒರಿಯನ್‌ಗೆ ಗಾಡಿ ಒಪ್ಪಿಸಿದರೆ ಸರಕುಪಟ್ಟಿ ಕೊಡಬೇಕು. ಗಣಿಗಾರಿಕೆಯ ಸಲಕರಣೆ ಹೋಗುತ್ತಿದೆ ಎಂಬ ಸುದ್ದಿ ಮಾಂತ್ರಿಕ ವಸ್ತು ತಯಾರಿಸುವ ಕ್ಯಾನಿತ್ ಮನೆತನದ ಕಿವಿಗೆ ಬೀಳುವುದು ಗಂಡ್ರನ್‌ಗೆ ಬೇಕಿಲ್ಲ. ತಲೆಗೆ ಹತ್ತು ಚಿನ್ನದ ನಾಣ್ಯ, ಅಂದರೆ ಹತ್ತು ಗ್ಯಾಲಿಫರ್ ಕೊಟ್ಟು ಹೊಸಬರನ್ನು ಹಿಡಿಯುವುದಕ್ಕೆ ಇದೇ ಕಾರಣ. ಮೂಲದಲ್ಲಿ ಈ ನೇಮಕಕ್ಕೆ ಕಾರಣ ತೀರಾ ತೆಳುವಾಗಿದೆ. ಎಬೆರಾನ್‌ನಲ್ಲಿ ಅದು ಬಲಗೊಳ್ಳುತ್ತದೆ.

ಮೊದಲ ಹೊಂಚುದಾಳಿಯ ಬಗ್ಗೆ ಎಚ್ಚರ ಬೇಕು, ಯಾವ ಲೋಕದಲ್ಲೇ ಆಡಿಸಿ. ನಾಲ್ಕು ಗಾಬ್ಲಿನ್‌ಗಳು, ತಲಾ 7 ಹಿಟ್ ಪಾಯಿಂಟ್ (ಏಟು ತಾಳುವ ಬಲ), ಎಸಿ (ಏಟು ತಗಲದಂತೆ ಕಾಯುವ ಅಂಕ) 15. ಒಂದನೇ ಲೆವೆಲ್‌ನ ಪಾತ್ರಗಳ ಹತ್ತಿರ ಇರುವುದೇ ಹತ್ತರ ಆಸುಪಾಸು. ಬಾಣ ಬಿಟ್ಟು ಮತ್ತೆ ಅಡಗಿಕೊಳ್ಳುವ ಸಾಮರ್ಥ್ಯವನ್ನು ಡಿಎಂ ಪೂರ್ತಿ ಬಳಸಿದರೆ ಇಡೀ ತಂಡ ಅಲ್ಲೇ ಮಲಗಬಹುದು. ಗುಹೆಯಲ್ಲಿ ಕ್ಲಾರ್ಗ್ ಇನ್ನೂ ಕೆಟ್ಟ. ಬಗ್‌ಬೇರ್ ಹೊಡೆತಕ್ಕೆ ಆಟಗಾರರು ಎಂಟು ಮುಖದ ಎರಡು ದಾಳದಷ್ಟು ಏಟು ತಿನ್ನುತ್ತಾರೆ, ಮೇಲೆ ಎರಡು. ಅನಿರೀಕ್ಷಿತವಾಗಿ ಎರಗಿದರೆ ಆರು ಮುಖದ ಇನ್ನೆರಡು ದಾಳ. ಒಂದೇ ಏಟಿಗೆ ಮಂತ್ರವಾದಿ ಸಾಯುವ ಪ್ರಮಾಣ ಅದು. ಎಬೆರಾನ್‌ನಲ್ಲಿ ಇದನ್ನು ಹದಗೊಳಿಸಲು ನ್ಯಾಯವಾದ ದಾರಿಯಿದೆ: ಇವರು ಕೊಲೆಗಡುಕರಲ್ಲ, ಒತ್ತೆ ಹಿಡಿದು ಹಣ ಕೇಳುವವರು. ಬಿದ್ದವರನ್ನು ಕೊಲ್ಲದೆ ಕಟ್ಟಿಹಾಕುತ್ತಾರೆ. ಸೋತರೂ ಆಟ ನಿಲ್ಲುವುದಿಲ್ಲ. ಆಟಗಾರರು ಗುಹೆಯೊಳಗೆ ಕೈದಿಗಳಾಗಿ ಕಣ್ಣು ತೆರೆಯುತ್ತಾರೆ.

ಅದೇ ಗುಹೆಯ ಯೀಮಿಕ್ ಪ್ರಸಂಗ ಈ ಪುಸ್ತಿಕೆಯ ಒಳ್ಳೆಯ ಬರವಣಿಗೆಗಳಲ್ಲೊಂದು. ಕ್ಲಾರ್ಗ್‌ನ ಕೆಳಗಿನ ಗಾಬ್ಲಿನ್ ಅವನು. ಸೆರೆಸಿಕ್ಕ ಯೋಧ ಸಿಲ್ಡಾರ್ ಹಾಲ್‌ವಿಂಟರ್‌ನನ್ನು ಅಂಚಿಗೆ ಎಳೆದು ನಿಲ್ಲಿಸಿ, ಕ್ಲಾರ್ಗ್‌ನನ್ನು ಕೊಂದು ಬಂದರೆ ಇವನನ್ನು ಬಿಡುತ್ತೇನೆ ಎನ್ನುತ್ತಾನೆ. ಗಾಬ್ಲಿನ್‌ಗಳಿಗೂ ದೇಶ, ರಾಯಭಾರಿ, ಒಪ್ಪಂದ ಇರುವ ಲೋಕದಲ್ಲಿ ಈ ಚೌಕಾಸಿಗೆ ತೂಕ ಬರುತ್ತದೆ. ಯೀಮಿಕ್‌ಗೆ ಒಂದು ಆಸೆ ಸೇರಿಸಿ: ಗ್ರೋಲ್‌ನನ್ನು ಜೀವಂತ ಹಿಡಿದುಕೊಟ್ಟರೆ ಡಾರ್ಗೂನ್‌ನ ದೊರೆಯ ಕಡೆಯಿಂದ ತನಗೆ ಕ್ಷಮೆ ಸಿಗುತ್ತದೆ ಎಂದು. ಮೂರನೇ ಭಾಗದವರೆಗೂ ಅವನು ಉಪಯೋಗಕ್ಕೆ ಬರುತ್ತಾನೆ. ಮೂಲದಲ್ಲಿ ಅವನು ಮಾತಿಗೆ ತಪ್ಪುತ್ತಾನೆ. ಇಲ್ಲಿ ತಪ್ಪದಿರುವುದು ಒಳ್ಳೆಯದು. ಸಿಲ್ಡಾರ್‌ನನ್ನು ಡೆನೀತ್ ಮನೆತನದ ಸೆಂಟಿನೆಲ್ ಮಾರ್ಷಲ್ ಮಾಡಿ. ಗಡಿ ದಾಟಿ ಅಪರಾಧಿಯನ್ನು ಹಿಂಬಾಲಿಸುವ ಅಧಿಕಾರ ಇರುವುದು ಅವರಿಗೆ, ಅವನು ಇಲ್ಲಿಗೆ ಬಂದದ್ದಕ್ಕೆ ಬೇರೆ ವಿವರಣೆ ಬೇಡ.

ಊರಿನ ಪಾತ್ರಗಳನ್ನು ಬದಲಿಸುವುದು ಸುಲಭದ ಕೆಲಸ, ಬೇಗ ಮುಗಿಸಬಹುದು. ಮೂಲದಲ್ಲಿ ಇವರೆಲ್ಲ ಫರ್ಗಾಟನ್ ರೆಲ್ಮ್ಸ್‌ನ ಐದು ಸಂಘಟನೆಗಳ ಪ್ರತಿನಿಧಿಗಳು. ಗಣಿಗಾರರ ವಿನಿಮಯ ಕೇಂದ್ರ ನಡೆಸುವ ಹಾಲಿಯಾ ಥಾರ್ನ್‌ಟನ್ ಝೆಂಟಾರಿಮ್‌ನವಳು. ಅವಳನ್ನು ಗಣಿ ಶೋಧನೆಯೇ ಕಸುಬಾದ ಥರಾಷ್ಕ್ ಮನೆತನದ ಏಜೆಂಟ್ ಮಾಡಿದರೆ ಅವಳ ದುರಾಸೆಗೆ ಲೈಸೆನ್ಸ್ ಸಿಕ್ಕಂತೆ. ನಿವೃತ್ತ ಯೋಧ ಡಾರನ್ ಎಡರ್‌ಮಾತ್ ಇಲ್ಲಿ ಸಿಲ್ವರ್ ಫ್ಲೇಮ್ ಧರ್ಮದ ಟೆಂಪ್ಲರ್ ಆಗಲಿ. ಕಾಡಿನ ರೀಡಾತ್ ಎಲ್ಡೀನ್ ರೀಚಸ್‌ನಿಂದ ಬಂದ ವಾರ್ಡನ್, ಅಂದರೆ ಕಾಡಿನ ಕಾವಲುಗಾರ ಆಗಲಿ. ಸಿಸ್ಟರ್ ಗರಾಯೆಲ್ ಮಾತ್ರ ಸ್ವಲ್ಪ ಯೋಚನೆ ಬೇಡುತ್ತಾಳೆ. ಬ್ಯಾನ್ಶೀ ಎಂಬ ಪ್ರೇತವಾದ ಅಗಾಥಾಳ ಹತ್ತಿರ ಹೋಗಿ ಒಂದು ಮಂತ್ರಪುಸ್ತಕದ ಸುಳಿವು ಕೇಳಿ ಬನ್ನಿ ಎಂದು ಕಳಿಸುವವಳು ಅವಳು. ಹಾರ್ಪರ್‌ಗಳ ಬದಲು ಅವಳ ಹಿಂದೆ ಜಿಲಾರ್ಗೊದ ಕೊರಾನ್‌ಬರ್ಗ್ ಗ್ರಂಥಾಲಯ ಇದ್ದರೆ ಪುಸ್ತಕದ ಹಸಿವು ತಾನಾಗಿಯೇ ಅರ್ಥವಾಗುತ್ತದೆ. ಗುಡಿ ಒಲಾಡ್ರಾಳದ್ದು, ಅದೃಷ್ಟದ ದೇವತೆಗೆ ಅದೃಷ್ಟದ ದೇವತೆ.

ಊರನ್ನು ಪೀಡಿಸುವ ರೆಡ್‌ಬ್ರ್ಯಾಂಡ್ ಗುಂಪಿನವರು ಬರೀ ರೌಡಿಗಳಾಗಿ ಉಳಿಯಬಾರದು. ಯುದ್ಧ ಮುಗಿದು ಸಂಬಳ ನಿಂತ ಸೈನಿಕರು ಅವರು. ನಿರಾಶ್ರಿತರ ಊರನ್ನು ಕಾಯುತ್ತೇವೆ ಎಂದು ಬಂದು ಕೂತರು, ಈಗ ಕಾಯುವುದಕ್ಕೇ ಸುಲಿಗೆ. ಅವರ ನಾಯಕ ಗ್ಲಾಸ್‌ಸ್ಟಾಫ್, ಅಂದರೆ ಇಯಾರ್ನೊ ಆಲ್ಬ್ರೆಕ್, ಬ್ರೆಲಾಂಡ್‌ನ ಗೂಢಚಾರ ದಳವಾದ ಡಾರ್ಕ್ ಲ್ಯಾಂಟರ್ನ್ಸ್ ಬಿಟ್ಟು ದಾರಿ ತಪ್ಪಿದವನು.

ಅವರ ಅಡಗುತಾಣದ ಕಂದರದಲ್ಲಿರುವ ನಾಥಿಕ್ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಯಾಕೆಂದರೆ ಈ ರೂಪಾಂತರದಲ್ಲಿ ಅತಿ ಹೆಚ್ಚು ಫಲ ಕೊಡುವ ಜಾಗ ಅದು. ಒಂಟಿಕಣ್ಣಿನ ಈ ಪ್ರಾಣಿ ತಲೆಯೊಳಗೆ ಮಾತಾಡುತ್ತದೆ, ತಿನ್ನಲು ಮಾಂಸ ಕೇಳುತ್ತದೆ, ಎದುರಿನವರ ಗುಟ್ಟು ಕದಿಯುತ್ತದೆ. ನಿಯಮ ಸರಳ: 30 ಅಡಿಯೊಳಗಿನ ಒಬ್ಬರನ್ನು ಆರಿಸಿಕೊಳ್ಳುತ್ತದೆ, ಅವರ ಡಿಸೆಪ್ಶನ್‌ಗೆ (ಮರೆಮಾಚುವ ಕೌಶಲ) ಅದರ ಇನ್‌ಸೈಟ್ (ಮನಸ್ಸು ಓದುವ ಕೌಶಲ) ಎದುರು ನಿಲ್ಲುತ್ತದೆ, ಸೋತರೆ ಒಂದು ಗುಟ್ಟು ಹೊರಬೀಳುತ್ತದೆ. ಹೊಸ ಪಾತ್ರಗಳಿಗೆ ಗುಟ್ಟೇ ಇರದ ಕಾರಣ ಮೂಲದಲ್ಲಿ ಈ ಸಾಮರ್ಥ್ಯ ವ್ಯರ್ಥವಾಗುತ್ತದೆ. ಎಬೆರಾನ್‌ನಲ್ಲಿ ಪ್ರತಿ ಪಾತ್ರದ ಹಿಂದೆಯೂ ಯುದ್ಧವಿದೆ. ಮೊದಲ ಸೆಷನ್‌ಗೂ ಮುಂಚೆ ಪ್ರತಿಯೊಬ್ಬರಿಂದ ಒಂದು ಚೀಟಿ ಬರೆಸಿಕೊಳ್ಳಿ: ಯಾವ ಸೈನ್ಯದಲ್ಲಿದ್ದೆ, ಅಲ್ಲಿ ಮಾಡಿದ ಯಾವ ಕೆಲಸ ಯಾರಿಗೂ ಗೊತ್ತಾಗಬಾರದು. ಚೀಟಿಗಳನ್ನು ಡಿಎಂ ಪರದೆಯ ಹಿಂದೆ ಇಟ್ಟುಕೊಳ್ಳಿ. ಕಂದರದ ಅಂಚಿನಲ್ಲಿ ದಾಳ ಸೋತವರ ಚೀಟಿಯನ್ನು ತೆಗೆದು, ಜೋರಾಗಿ ಓದದೆ, ಅದರ ಒಂದು ಪದವನ್ನು ಮಾತ್ರ ನಾಥಿಕ್ ಬಾಯಲ್ಲಿ ಹೇಳಿಸಿ. ಊರಿನ ಹೆಸರೊಂದೇ ಸಾಕು. ಪಕ್ಕದಲ್ಲಿ ಕೂತವರು ಆ ಆಟಗಾರನ ಮುಖ ನೋಡುತ್ತಾರೆ. ಈ ನಾಥಿಕ್‌ನನ್ನು ಸೈರ್ ನಾಶವಾದ ದಿನ ಬದುಕಿ ಹೀಗಾದ ಕ್ಯಾನಿತ್ ಮಾಂತ್ರಿಕ ಮಾಡಿದರೆ ಗಣಿಯ ಕಥೆಗೂ ಎಳೆ ಸೇರುತ್ತದೆ.

ಮೂರನೇ ಭಾಗದಲ್ಲಿ ಮೂಲ ಪುಸ್ತಿಕೆ ಸಡಿಲವಾಗಿದೆ. ಅಲ್ಲಲ್ಲಿ ಚೆದುರಿದ ಜಾಗಗಳು, ನಡುವೆ ಹೆಚ್ಚು ಸಂಬಂಧವಿಲ್ಲ. ಓಲ್ಡ್ ಔಲ್ ವೆಲ್‌ನಲ್ಲಿ ಸೋಂಬಿಗಳೊಂದಿಗೆ ಅಗೆಯುತ್ತಿರುವ ಹಾಮುನ್ ಕಾಸ್ಟ್ ಥೇ ದೇಶದ ಕೆಂಪು ಮಾಂತ್ರಿಕ. ಕಾರ್ನಾತ್‌ನ ನಿಷೇಧಿತ ಎಮರಾಲ್ಡ್ ಕ್ಲಾ ಪಂಥದವನಾಗಿ ಅವನು ಹಾಗೇ ಹೊಂದುತ್ತಾನೆ, ಪ್ರಾಚೀನ ನೆಥೆರಿಲ್ ಕಾಲದ ಅಲ್ಲಿನ ಗೋಪುರ ಗಾಬ್ಲಿನ್‌ಗಳ ಹಳೆಯ ಢಕಾನಿ ಸಾಮ್ರಾಜ್ಯದ್ದಾಗುತ್ತದೆ. ವೈವರ್ನ್ ಟಾರ್‌ನ ಓರ್ಕ್ ಗುಂಪು ಮಾತ್ರ ಹೊಂದುವುದಿಲ್ಲ. ಬ್ರೆಲಾಂಡ್‌ನ ಈ ಮೂಲೆಯಲ್ಲಿ ಓರ್ಕ್ ದಂಡಿಗೆ ಕೆಲಸವಿಲ್ಲ. ಡ್ರೋಮ್ ದೇಶದಿಂದ ಥರಾಷ್ಕ್ ಮನೆತನ ಕರೆತಂದು, ಯುದ್ಧ ಮುಗಿದ ಮೇಲೆ ಕೈಬಿಟ್ಟ ನೋಲ್ (ಕತ್ತೆಕಿರುಬ ಮುಖದ ಜೀವಿ) ಬಾಡಿಗೆ ಸೈನಿಕರನ್ನು ಇಡಿ. ಓರ್ಕ್ ಮತ್ತು ನೋಲ್ ಎರಡರ ಚಾಲೆಂಜ್ ರೇಟಿಂಗ್‌ (ಎದುರಾಳಿ ಎಷ್ಟು ಕಠಿಣ ಎಂಬ ಅಂಕ) ಅರ್ಧವೇ, ಆದರೆ ನೋಲ್‌ಗೆ 22 ಹಿಟ್ ಪಾಯಿಂಟ್, ಓರ್ಕ್‌ಗೆ 15. ಸಂಖ್ಯೆಯನ್ನು ಒಂದೆರಡು ಇಳಿಸಿದರೆ ಸಮ. ಅವರ ಜೊತೆಗಿರುವ ಓಗರ್ ದೈತ್ಯನನ್ನು ಹಾಗೇ ಬಿಡಬಹುದು. ಹಾಲಿಯಾಗೆ ಇವರ ಬಾಕಿ ಸಂಬಳದ ವಿಷಯ ಗೊತ್ತಿದೆ ಎಂದರೆ ಊರಿಗೂ ಬೆಟ್ಟಕ್ಕೂ ಕೊಂಡಿ ಬಿತ್ತು.

ಥಂಡರ್‌ಟ್ರೀ ಎಂಬ ಪಾಳು ಹಳ್ಳಿಯ ವೆನಮ್‌ಫ್ಯಾಂಗ್ ಡ್ರ್ಯಾಗನ್ ದೊಡ್ಡ ಸಮಸ್ಯೆ. ಹದಿಹರೆಯದ ಹಸಿರು ಡ್ರ್ಯಾಗನ್, 136 ಹಿಟ್ ಪಾಯಿಂಟ್, ಉಸಿರಿನ ವಿಷಕ್ಕೆ ಆರು ಮುಖದ 12 ದಾಳ. ಸರಾಸರಿ 42, ಮೂರನೇ ಲೆವೆಲ್‌ನ ಯಾರೂ ಅದನ್ನು ತಡೆಯುವುದಿಲ್ಲ. ಅರ್ಧ ಸೋತ ಮೇಲೆ ಹಾರಿಹೋಗುತ್ತದೆ ಎಂದು ಪುಸ್ತಿಕೆ ಹೇಳಿದರೂ ಅಷ್ಟರೊಳಗೆ ತಂಡ ಮುಗಿದಿರಬಹುದು. ಎಬೆರಾನ್‌ನಲ್ಲಿ ಡ್ರ್ಯಾಗನ್‌ಗಳು ಆರ್ಗೊನೆಸೆನ್ ಖಂಡದವು, ಪಾಳು ಗೋಪುರ ಹಿಡಿದು ಕೂರುವಂಥವಲ್ಲ. ಬದಲಿಗೆ ರೈಸಿಂಗ್ ಪುಸ್ತಕದ ವಾರ್‌ಫೋರ್ಜ್ಡ್ ಟೈಟನ್ ಬಳಸಿ. ಚಾಲೆಂಜ್ ರೇಟಿಂಗ್ ಎರಡಕ್ಕೂ 8. ಯುದ್ಧ ಮುಗಿದದ್ದು ಗೊತ್ತಾಗದೆ, ಕೊನೆಯ ಆಜ್ಞೆಯಂತೆ ಇನ್ನೂ ಹಳ್ಳಿಯನ್ನು ಕಾಯುತ್ತಿರುವ ಯಂತ್ರ. ಇದರಲ್ಲಿ ಒಂದು ನಷ್ಟವಿದೆ: ಡ್ರ್ಯಾಗನ್ ಮಾತಾಡುತ್ತಿತ್ತು, ಟೈಟನ್‌ಗೆ ಅಷ್ಟು ಬುದ್ಧಿಯಿಲ್ಲ. ಅದನ್ನು ತುಂಬಲು ಹಳ್ಳಿಯ ಹಳೆ ಠಾಣೆಯಲ್ಲಿ ದಿನದ ಸಂಕೇತಪದಗಳ ಪುಸ್ತಕ ಇಡಿ. ಸರಿಯಾದ ಪದ ಹೇಳಿದರೆ ಅದು ಆರು ಸುತ್ತು ಅಲುಗಾಡದೆ ನಿಲ್ಲುತ್ತದೆ. ಎಸಿ 20 ಇರುವ ಇದನ್ನು ಮೂರನೇ ಲೆವೆಲ್‌ನಲ್ಲಿ ಹೊಡೆದು ಬೀಳಿಸುವುದು ಹುಚ್ಚುತನ ಎಂದು ಆಟಗಾರರಿಗೆ ಮೊದಲ ಏಟಿನಲ್ಲೇ ತಿಳಿಯಬೇಕು. ಬೂದಿ ಮೆತ್ತಿದ ಸೋಂಬಿಗಳನ್ನು ಹಾಗೇ ಉಳಿಸಿ. ಜ್ವಾಲಾಮುಖಿ ಬೂದಿಯ ಬದಲು ಅದು ಮೌರ್ನ್‌ಲ್ಯಾಂಡ್‌ನಿಂದ ಬಂದ ಮಂಜಿನ ಪುಡಿ.

ಇಲ್ಲಿ ಸಾಮಾನ್ಯವಾಗಿ ಆಗುವ ಇನ್ನೊಂದು ತಪ್ಪು: ಕ್ರ್ಯಾಗ್‌ಮಾ ಕೋಟೆ ಎಲ್ಲಿದೆ ಎಂದು ಆಟಗಾರರಿಗೆ ತಿಳಿಯದೆ ಕಥೆ ನಿಂತುಬಿಡುತ್ತದೆ. ಸೆರೆಸಿಕ್ಕ ಗಾಬ್ಲಿನ್, ಅಗಾಥಾ, ರೀಡಾತ್ ಇಂಥ ಕೆಲವರಿಗೆ ಮಾತ್ರ ಗೊತ್ತು. ಯೀಮಿಕ್ ಸತ್ತರೆ, ಬೇರೆ ಕಡೆ ಹೋಗದಿದ್ದರೆ ದಾರಿಯೇ ಇಲ್ಲ. ಕೋಟೆಯನ್ನು ಯುದ್ಧಕಾಲದ ಬ್ರೆಲಾಂಡ್ ಠಾಣೆ ಎಂದು ಮಾಡಿದರೆ ಊರಿನ ಯಾವ ಮಾಜಿ ಸೈನಿಕನೂ, ರೆಡ್‌ಬ್ರ್ಯಾಂಡ್ ಸೇರಿ, ದಾರಿ ಹೇಳಬಲ್ಲ.

ಕೊನೆಯ ಗಣಿ ನಕ್ಷೆಯಾಗಿ ಚೆನ್ನಾಗಿದೆ, ಸೋಲುವುದು ಎರಡು ಕಡೆ. ಮೊದಲನೆಯದು ಫೋರ್ಜ್ ಆಫ್ ಸ್ಪೆಲ್ಸ್. ಮಾಂತ್ರಿಕ ಆಯುಧ ಮಾಡುವ ಕುಲುಮೆ ಎಂದರೆ ಫರ್ಗಾಟನ್ ರೆಲ್ಮ್ಸ್‌ನಲ್ಲಿ ಪವಾಡ. ಎಬೆರಾನ್‌ನಲ್ಲಿ ಅದು ಕ್ಯಾನಿತ್ ಮನೆತನದ ದಿನನಿತ್ಯದ ವ್ಯಾಪಾರ. ಅಲ್ಲಿ ಸಿಗುವ ಲೈಟ್‌ಬ್ರಿಂಗರ್ ಗದೆ, ಡ್ರ್ಯಾಗನ್‌ಗಾರ್ಡ್ ಕವಚ ಎರಡೂ ಮೂಲತಃ ಪ್ಲಸ್ ಒಂದರ ವಸ್ತುಗಳು, ತಂಡದ ಆರ್ಟಿಫಿಸರ್ (ಮಾಂತ್ರಿಕ ವಸ್ತು ಕಟ್ಟುವ ಕುಶಲಕರ್ಮಿ) ಎರಡನೇ ಲೆವೆಲ್‌ನಿಂದಲೇ ಅಂಥದ್ದನ್ನು ತಾನೇ ಮಾಡಿಕೊಳ್ಳುತ್ತಾನೆ. ಕುಲುಮೆಗೆ ಮೌಲ್ಯ ಬರಬೇಕಾದರೆ ಅದು ಡ್ರ್ಯಾಗನ್‌ಮಾರ್ಕ್ ಇಲ್ಲದವರ ಕೈಯಲ್ಲೂ ಕೆಲಸ ಮಾಡಬೇಕು, ಬೆಂಕಿಯ ಲೋಕ ಫರ್ನಿಯಾ ತಾಗುವ ಜಾಗದಲ್ಲಿ ಇರುವ ಕಾರಣಕ್ಕೆ. ಕ್ಯಾನಿತ್‌ನ ಏಕಸ್ವಾಮ್ಯಕ್ಕೇ ಅದು ಕೊಡಲಿ. ಮನೆತನ ಈಗ ಮೆರಿಕ್ಸ್, ಜೋರ್ಲಾನಾ, ಝೋರ್ಲಾನ್ ಎಂಬ ಮೂವರ ನಡುವೆ ಒಡೆದಿರುವುದರಿಂದ ಮೂರೂ ಬಣಗಳಿಗೆ ಇದು ಬೇಕು, ಅಥವಾ ಒಡೆದುಹಾಕಬೇಕು.

ಎರಡನೆಯದು ಖಳನಾಯಕ. ಕಪ್ಪು ಜೇಡ ಎಂಬ ಡ್ರೌ (ಕಪ್ಪು ಎಲ್ಫ್) ನೆಝ್ನಾರ್‌ಗೆ ಇರುವುದು 27 ಹಿಟ್ ಪಾಯಿಂಟ್. ನಾಲ್ಕನೇ ಲೆವೆಲ್ ತಂಡ ಒಂದೇ ಸುತ್ತಿನಲ್ಲಿ ಮುಗಿಸುತ್ತದೆ. ಎಬೆರಾನ್‌ನ ಡ್ರೌಗಳು ಕ್ಸೆನ್‌ಡ್ರಿಕ್ ಖಂಡದವರು, ಇಲ್ಲಿ ಅವನ ಇರುವಿಕೆಗೂ ಕಾರಣವಿಲ್ಲ. ಅವನನ್ನು ಕ್ಯಾನಿತ್ ಮನೆತನದಿಂದ ಬಹಿಷ್ಕೃತನಾದ ಆರ್ಟಿಫಿಸರ್ ಮಾಡಿ. ಹಿಟ್ ಪಾಯಿಂಟ್ 60ಕ್ಕೆ ಏರಿಸಿ, ಮಂತ್ರಗಳನ್ನು ಹಾಗೇ ಬಿಡಿ. ಅವನ ದೈತ್ಯ ಜೇಡಗಳ ಸ್ಟ್ಯಾಟ್ ಬ್ಲಾಕ್ (ಬಲಾಬಲದ ಅಂಕಿಪಟ್ಟಿ) ಬದಲಿಸಬೇಡಿ, ವರ್ಣನೆ ಮಾತ್ರ ಎಂಟು ಕಾಲಿನ ಲೋಹದ ಯಂತ್ರಗಳದ್ದಾಗಲಿ. ಬಲೆಯ ಬದಲು ತಂತಿ, ವಿಷದ ಬದಲು ಆಮ್ಲ. ಆಮ್ಲಕ್ಕೆ ಬದಲಿಸುವುದರಲ್ಲಿ ಒಂದು ಉಪಯೋಗವೂ ಇದೆ. ವಾರ್‌ಫೋರ್ಜ್ಡ್ (ಜೀವಂತ ಯಂತ್ರಮಾನವ) ಪಾತ್ರಕ್ಕೆ ವಿಷದ ವಿರುದ್ಧ ಪ್ರತಿರೋಧ ಇರುವುದರಿಂದ ಈ ಅಡ್ವೆಂಚರ್‌ನ ವಿಷದ ಅಪಾಯಗಳು ಅವನೆದುರು ಅರ್ಧಕ್ಕೆ ಇಳಿಯುತ್ತವೆ.

ಗಣಿ ಗೆದ್ದ ಮೇಲೆ ಮೂಲ ಪುಸ್ತಿಕೆ ಲಾಭದ ಪಾಲು ಹೇಳಿ ನಿಲ್ಲಿಸುತ್ತದೆ. ಎಬೆರಾನ್‌ನಲ್ಲಿ ಅಲ್ಲಿಂದಲೇ ಇನ್ನೊಂದು ಸೆಷನ್ ಇಡಿ. ಡಾರ್ಗೂನ್‌ನ ರಾಯಭಾರಿ, ಹಾಲಿಯಾ, ಬದುಕುಳಿದ ಗಂಡ್ರನ್, ಕ್ಯಾನಿತ್‌ನ ಒಬ್ಬ ದೂತ, ನಾಲ್ವರೂ ಒಂದೇ ಮೇಜಿನಲ್ಲಿ. ಪ್ರತಿಯೊಬ್ಬರೂ ಏನು ಕೊಡಬಲ್ಲರು, ಏನನ್ನು ಬಿಡಲಾರರು ಎಂದು ಒಂದೊಂದು ಸಾಲು ಬರೆದುಕೊಂಡರೆ ತಯಾರಿ ಸಾಕು.

ಯಾವ ಆವೃತ್ತಿ ಕೊಳ್ಳುವುದು? 2023ರ ಫ್ಯಾಂಡೆಲ್ವರ್ ಅಂಡ್ ಬಿಲೋ ಪುಸ್ತಕದಲ್ಲಿ ಇದೇ ಕಥೆ ತಿದ್ದುಪಡಿಯೊಂದಿಗೆ ಸೇರಿ, ಹನ್ನೆರಡನೇ ಲೆವೆಲ್‌ವರೆಗೆ ಬೆಳೆದಿದೆ. ಅದರ ದ್ವಿತೀಯಾರ್ಧದಲ್ಲಿ ಮೆದುಳು ತಿನ್ನುವ ಮೈಂಡ್ ಫ್ಲೇಯರ್‌ಗಳು, ಒಡೆದ ಒಬೆಲಿಸ್ಕ್ (ಕಲ್ಲುಕಂಬ) ಬರುತ್ತವೆ. ಹಳೆ ಪುಸ್ತಿಕೆಯೇ ಕೈಯಲ್ಲಿದ್ದು ಕ್ಯಾಂಪೇನ್ ಐದನೇ ಲೆವೆಲ್‌ಗೆ ಬೇರೆಡೆ ತಿರುಗುವುದಿದ್ದರೆ ಹೊಸದು ಬೇಡ. ಉದ್ದದ ಕ್ಯಾಂಪೇನ್ ಬೇಕೆಂದರೆ ಮಾತ್ರ ಹೊಸದು ತಕ್ಕದ್ದು. ಎಬೆರಾನ್‌ನಲ್ಲಿ ಮೈಂಡ್ ಫ್ಲೇಯರ್‌ಗಳು ಡೇಲ್ಕಿರ್ ಎಂಬ ಅನ್ಯಲೋಕದ ದುಷ್ಟಶಕ್ತಿಗಳಲ್ಲೊಬ್ಬನಾದ ಡಿರ್ನ್‌ನ ಸೇವಕರು, ಆ ಡೇಲ್ಕಿರ್‌ಗಳನ್ನು ಪಾತಾಳದಲ್ಲಿ ಮುದ್ರೆ ಹಾಕಿ ಕೂಡಿಟ್ಟದ್ದು ಗೇಟ್‌ಕೀಪರ್ ಡ್ರೂಯಿಡ್‌ಗಳು. ನೆಥೆರಿಲ್‌ನ ಒಬೆಲಿಸ್ಕ್ ಆ ಮುದ್ರೆಗಳಲ್ಲೊಂದಾದರೆ ಮಿಕ್ಕ ಏಳು ಲೆವೆಲ್‌ಗೆ ಬೇರೆ ಹಿನ್ನೆಲೆ ಬರೆಯಬೇಕಿಲ್ಲ. ಒಂದನ್ನು ಮಾತ್ರ ಮೊದಲ ಭಾಗದಲ್ಲೇ ಬಿತ್ತಿಡಿ: ಕ್ಲಾರ್ಗ್‌ನ ಗುಹೆಯಲ್ಲಿರುವ ಕದ್ದ ಸಾಮಾನಿನ ನಡುವೆ ಆ ಕಲ್ಲಿನ ಒಂದು ಚೂರು.